ಕೋಳಿಯ ಕೊಕ್ಕಿಗಿಂತ ಕಾಲಿಗೆ ಹೆದರಬೇಕು

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಒಂದೂವರೆ ಎಕರೆ ಅಡಿಕೆ ತೋಟ, ಮನೆಯ ಹಿಂದೆ ಹತ್ತು ಗುಂಟೆಯಷ್ಟು ಹಿತ್ತಲು, ಅದರ ಕೆಳಗೆ ಹಳ್ಳ. ಎರಡು ವರ್ಷದ ಹಿಂದೆ ನಾಲ್ಕು ನಾಟಿ ಹೇಂಟೆ, ಒಂದು ಹುಂಜ ತಂದೆವು. ಈಗ ಪಿಳ್ಳೆಗಳನ್ನು ಬಿಟ್ಟು ಇಪ್ಪತ್ತೆರಡಾಗಿವೆ. ಬೆಳಕು ಹರಿದರೆ ಬಿಡುತ್ತೇವೆ, ಸಂಜೆ ತಾವಾಗಿಯೇ ಗೂಡಿಗೆ ಬರುತ್ತವೆ. ಮೊದಲೆಲ್ಲ ಮಳೆ ಹಿಡಿದ ರಾತ್ರಿ ಕಪ್ಪೆಗಳ ಗದ್ದಲಕ್ಕೆ ನಿದ್ದೆ ಬರುತ್ತಿರಲಿಲ್ಲ. ಈ ಸಲ ಹಿತ್ತಲು ಮೌನವಾಗಿದೆ. ಹಾವುರಾಣಿಯೂ ಕಾಣುತ್ತಿಲ್ಲ. ಮೊನ್ನೆ ಒಂದು ಹೇಂಟೆ ಅಂಗಳದ ಅಂಚಿನ ಮಣ್ಣು ಕೆದಕಿ ಕಡಲೆಬೀಜದ ಗಾತ್ರದ ಬಿಳಿ ಮೊಟ್ಟೆಗಳನ್ನು ತಿನ್ನುತ್ತಿತ್ತು. ಕೋಳಿ ಸಾಕುವುದನ್ನು ಬಿಡಲು ಮನಸ್ಸಿಲ್ಲ. ಕೋಳಿ ಇದ್ದರೆ ಹಾವು, ಉಣುಗು ಬರುವುದಿಲ್ಲ ಎಂದು ಮನೆಯವರ ವಾದ ಬೇರೆ. ಏನು ಮಾಡಬೇಕು? ಬದಲಿಗೆ ಬಾತುಕೋಳಿ ಸಾಕಿದರೆ ಹೇಗೆ?

ಉತ್ತರ: ಮೊದಲು ಆ ಮೊಟ್ಟೆಗಳ ವಿಚಾರ. ಮೆತ್ತಗಿನ ಬಿಳಿ ಸಿಪ್ಪೆ, ಅಂಗಳದಂಚಿನ ಸಡಿಲ ಮಣ್ಣು, ಮುಂಗಾರಿನ ಆರಂಭ, ಇಷ್ಟೂ ಸೇರಿದರೆ ಅವು ಬಹುತೇಕ ಓತಿಕ್ಯಾತದವು. ಮಳೆಗೆ ಮಣ್ಣು ಮೆತ್ತಗಾಗುವುದನ್ನೇ ಕಾದಿದ್ದು ಹೆಣ್ಣು ಓತಿಕ್ಯಾತ ಮರದಿಂದ ಇಳಿಯುತ್ತದೆ. ಮುಂಗಾಲಿನಿಂದ ಗುಳಿ ತೋಡಿ, ಹಿಂಭಾಗವನ್ನು ಅದರೊಳಗೆ ಇಳಿಬಿಟ್ಟು, ಹತ್ತರಿಂದ ಇಪ್ಪತ್ತು ಮೊಟ್ಟೆ ಇಡುತ್ತದೆ. ಆಮೇಲೆ ಮಣ್ಣು ಎಳೆದು ಮುಚ್ಚಿ, ಮೂತಿಯಿಂದ ಒತ್ತಿ ಗಟ್ಟಿ ಮಾಡಿ ಹೊರಟುಹೋಗುತ್ತದೆ. ಕಾವಲಿಲ್ಲ, ಮರಳಿ ಬಂದು ನೋಡುವುದಿಲ್ಲ. ಮರಿ ಹೊರಬರಲು ಒಂದೂವರೆ ಎರಡು ತಿಂಗಳು ಬೇಕು. ಕಣ್ಣಿನಿಂದ ಹುಡುಕುವ ಕಾಗೆಯಂಥ ಶತ್ರುವಿನಿಂದ ಮರೆಮಾಚಲು ಅಷ್ಟು ಮಣ್ಣು ಸಾಕು. ಆದರೆ ಕೋಳಿ ಮೊದಲು ಕೆದಕುತ್ತದೆ, ಆಮೇಲೆ ನೋಡುತ್ತದೆ. ಹೊಸದಾಗಿ ಸಡಿಲವಾದ ಮಣ್ಣು ಅದಕ್ಕೆ ಔತಣದ ಕರೆ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರದ ಮುಖ್ಯಾಂಶವೂ ಇದರಲ್ಲೇ ಇದೆ. ಕೋಳಿ ಕಪ್ಪೆ ತಿಂದಿತು, ಹಾವುರಾಣಿ ನುಂಗಿತು ಎಂದು ನಾವು ಅದರ ಕೊಕ್ಕನ್ನು ದೂರುತ್ತೇವೆ. ತಿನ್ನುವುದೇನೋ ನಿಜ. ಚಿಕ್ಕ ಕಪ್ಪೆ, ಹಾವುರಾಣಿಯ ಮರಿ, ಹುಳುಹಾವು, ಎರೆಹುಳು, ಜರಿ, ಇಲಿಮರಿ, ಕೊಕ್ಕಿಗೆ ದಕ್ಕುವ ಯಾವುದನ್ನೂ ಕೋಳಿ ಬಿಡುವುದಿಲ್ಲ. ಆದರೆ ಒಂದು ಹಿತ್ತಲು ಎರಡೇ ವರ್ಷದಲ್ಲಿ ಮೌನವಾಗಬೇಕಾದರೆ ಅಷ್ಟೇ ಸಾಲದು. ಹಾನಿಯ ದೊಡ್ಡ ಪಾಲು ಅದರ ಕಾಲಿನದು. ಒಂದು ಹೇಂಟೆಯನ್ನು ಸ್ವಲ್ಪ ಹೊತ್ತು ಹತ್ತಿರದಿಂದ ಗಮನಿಸಿ. ಎಡಗಾಲಿನಿಂದ ಒಂದೆರಡು ಸಲ ಹಿಂದಕ್ಕೆ ಕೆದರುತ್ತದೆ, ಬಲಗಾಲಿನಿಂದ ಒಂದೆರಡು ಸಲ, ಒಂದು ಹೆಜ್ಜೆ ಹಿಂದೆ ಸರಿಯುತ್ತದೆ, ತಲೆ ಓರೆ ಮಾಡಿ ಒಂದೇ ಕಣ್ಣಿನಿಂದ ನೋಡುತ್ತದೆ, ಕುಕ್ಕುತ್ತದೆ ಅಥವಾ ಕುಕ್ಕುವುದಿಲ್ಲ, ಮತ್ತೆ ಕೆದರುತ್ತದೆ. ಕುಕ್ಕಿದ್ದಕ್ಕಿಂತ ಕೆದರಿದ್ದು ಎಷ್ಟೋ ಪಾಲು ಹೆಚ್ಚು. ಪ್ರತಿ ಸಲವೂ ಒಂದಿಷ್ಟು ತರಗೆಲೆ ಹಾರಿ ಹೋಗಿ ಬೀಳುತ್ತದೆ, ಅಡಿಯ ತೇವದ ಮಣ್ಣು ಬಿಸಿಲಿಗೆ ಬೀಳುತ್ತದೆ. ಇಪ್ಪತ್ತೆರಡು ಕೋಳಿ ದಿನವಿಡೀ ಇದನ್ನೇ ಮಾಡಿದರೆ ಹಿತ್ತಲಲ್ಲಿ ತರಗೆಲೆಯ ಪದರವೇ ಉಳಿಯುವುದಿಲ್ಲ. ಪದರ ಹೋದಮೇಲೆ ಒಂದೇ ಒಂದು ಕಪ್ಪೆಯನ್ನೂ ಕೋಳಿ ತಿನ್ನದಿದ್ದರೂ ಕಪ್ಪೆ ಇರುವುದಿಲ್ಲ.

ಏಕೆಂದರೆ ಮಲೆನಾಡಿನ ಹಿತ್ತಲಲ್ಲಿ ಜೀವಿಗಳು ಬದುಕುವುದು ನೆಲದ ಮೇಲಲ್ಲ, ನೆಲ ಮತ್ತು ಎಲೆಯ ನಡುವೆ. ಮಳೆಗಾಲದ ರಾತ್ರಿ ಪೊದೆಗಳಿಂದ ಟಿಕ್ ಟಿಕ್ ಎನ್ನುವ ಪುಟ್ಟ ಪೊದೆಗಪ್ಪೆಗಳನ್ನು ತೆಗೆದುಕೊಳ್ಳಿ. ಇವುಗಳಿಗೆ ಗೊದಮೊಟ್ಟೆಯ ಹಂತವೇ ಇಲ್ಲ. ಹೆಣ್ಣು ಮೊಟ್ಟೆಯಿಡಲು ನೀರಿಗೆ ಹೋಗುವುದಿಲ್ಲ. ಕೆಲವು ಜಾತಿಗಳು ಎಲೆಗಳ ಮೇಲೆ, ಕೆಲವು ತರಗೆಲೆಯ ಅಡಿಯ ಒದ್ದೆ ಮಣ್ಣಿನಲ್ಲಿ ಮೊಟ್ಟೆಯಿಡುತ್ತವೆ. ಮೊಟ್ಟೆಯೊಳಗೇ ಬೆಳೆದು ಉಗುರಿನಷ್ಟೂ ದೊಡ್ಡದಲ್ಲದ ಪೂರ್ಣರೂಪದ ಕಪ್ಪೆಮರಿ ಹೊರಬರುತ್ತದೆ. ಅಲ್ಲಿಯವರೆಗೆ ಆ ಜಾಗ ಒಣಗಬಾರದು, ಅಲುಗಬಾರದು. ಕೋಳಿ ಆ ಮೊಟ್ಟೆಯನ್ನು ಕಣ್ಣೆತ್ತಿ ನೋಡದೆ ಎಲೆ ಸರಿಸಿ ಹೋದರೂ ಕಥೆ ಮುಗಿಯಿತು. ಹಳ್ಳದ ಬದಿಯ ಒದ್ದೆ ಬಂಡೆಗಳ ಮೇಲೆ ತೆವಳುವ ಗೊದಮೊಟ್ಟೆಗಳನ್ನು ನೀವು ನೋಡಿರಬಹುದು. ದೂರ ಜಿಗಿಯುವ ಕಂದು ಕಪ್ಪೆಗಳ ಮರಿಗಳು ಅವು. ದೊಡ್ಡವಾದಮೇಲೆ ಅವೂ ತರಗೆಲೆಗೇ ಬರುತ್ತವೆ. ಹಾವುರಾಣಿ ಮೊಟ್ಟೆಯಿಡುವುದು ಅದರ ಅಡಿಯ ಮಣ್ಣಿನಲ್ಲೇ.

ಇನ್ನೂ ಕೆಳಗೆ ಹೋದರೆ ಎರೆಹುಳುವೋ ಹಾವೋ ಎಂದು ಗೊತ್ತಾಗದ, ಉಂಗುರ ಉಂಗುರದ ಮೈಯ ಜೀವಿಯೊಂದಿದೆ. ಕಾಲಿಲ್ಲದ ಉಭಯಚರಿ ಸಿಸಿಲಿಯನ್. ಗೊಬ್ಬರಗುಂಡಿಯ ಅಂಚಿನಲ್ಲಿ, ಅಡಿಕೆ ತೋಟದ ಬಸಿಗಾಲುವೆಯ ಬದಿಯಲ್ಲಿ ಗುದ್ದಲಿಗೆ ಸಿಗುತ್ತದೆ. ಹಾವೆಂದು ಭಾವಿಸಿ ಕೊಲ್ಲುವವರೇ ಹೆಚ್ಚು. ಕೆಲವು ಜಾತಿಗಳಲ್ಲಿ ತಾಯಿ ಮಣ್ಣಿನ ಗೂಡಿನೊಳಗೆ ಮೊಟ್ಟೆಗಳನ್ನು ಸುತ್ತಿಕೊಂಡು ಮಲಗಿರುತ್ತದೆ. ಗುರಾಣಿಯಂಥ ಬಾಲತುದಿಯ ಮಣ್ಣುಹಾವುಗಳೂ ಇಲ್ಲಿಯವೇ. ಎರೆಹುಳು ತಿಂದು ಬದುಕುವ, ಕಚ್ಚಲೂ ಬಾರದಷ್ಟು ಸಾಧು ಜೀವಿಗಳು. ಭಾರತದ ದಕ್ಷಿಣ ಭಾಗ ಮತ್ತು ಶ್ರೀಲಂಕಾ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಚಳಿಗಾಲಕ್ಕೆ ಉತ್ತರದಿಂದ ಬರುವ ನವರಂಗ ಹಕ್ಕಿ ಆಹಾರ ಹುಡುಕುವುದೂ ಇದೇ ತರಗೆಲೆಯಲ್ಲಿ, ಎಲೆಗಳನ್ನು ಕೊಕ್ಕಿನಿಂದ ಮಗುಚುತ್ತಾ. ಮಿಂಚುಹುಳುವಿನ ಮರಿಹುಳು ಒದ್ದೆ ಎಲೆಗಳ ನಡುವೆ ಬಸವನಹುಳು ಬೇಟೆಯಾಡಿ ಬೆಳೆಯುತ್ತದೆ. ಅನೇಕ ಮಿಂಚುಹುಳುಗಳ ಮೈ ಕಹಿ, ವಿಷಕಾರಿ. ಕೋಳಿ ಒಮ್ಮೆ ಕುಕ್ಕಿ ಉಗುಳಬಹುದು. ಎಲೆಯ ಪದರ ಹೋದಮೇಲೆ ಆ ಕಹಿಯಿಂದ ಅದಕ್ಕೇನು ಪ್ರಯೋಜನ?

ಇಲ್ಲಿ ಒಂದು ಆಕ್ಷೇಪ ಯಾವಾಗಲೂ ಬರುತ್ತದೆ. ಕಾಡುಕೋಳಿಯೂ ಕೆದಕುತ್ತದಲ್ಲ, ಕಾಡು ಹಾಳಾಗಿದೆಯೇ ಎಂದು. ಒಳ್ಳೆಯ ಪ್ರಶ್ನೆ. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ. ನಮ್ಮ ಕಡೆ ಇರುವುದು ಬೂದು ಕಾಡುಕೋಳಿ. (ನಾಟಿ ಕೋಳಿಯ ಚರ್ಮದ ಹಳದಿ ಬಣ್ಣ ಈ ಬೂದು ಕಾಡುಕೋಳಿಯಿಂದ ಬಂದ ಬಳುವಳಿ ಎಂದು 2008ರ ವಂಶವಾಹಿ ಸಂಶೋಧನೆಯೊಂದು ತೋರಿಸಿತು. ನಿಮ್ಮ ಕೋಳಿಗೂ ತೋಟದಂಚಿನಲ್ಲಿ ಕೂಗುವ ಕಾಡುಕೋಳಿಗೂ ಹಳೆಯ ನೆಂಟಸ್ತಿಕೆ ಇದೆ.) ಕಾಡುಕೋಳಿ ವಿರಳವಾಗಿ ಹರಡಿಕೊಂಡು ಬದುಕುತ್ತದೆ. ಒಂದು ಜಾಗದಲ್ಲಿ ಹುಳು ಕಡಿಮೆಯಾದರೆ ಮುಂದಿನ ಜಾಗಕ್ಕೆ ಹೋಗಲೇಬೇಕು, ಇಲ್ಲದಿದ್ದರೆ ಉಪವಾಸ. ಮುಂಗುಸಿ, ಕಾಡುಬೆಕ್ಕು, ಗಿಡುಗ ಅದರ ಸಂಖ್ಯೆಯನ್ನು ಹದದಲ್ಲಿಡುತ್ತವೆ. ನಿಮ್ಮ ಕೋಳಿಗೆ ಹೊಟ್ಟೆಪಾಡಿನ ಚಿಂತೆ ಇಲ್ಲ. ಹಿತ್ತಲಲ್ಲಿ ಒಂದು ಹುಳುವೂ ಉಳಿಯದಿದ್ದರೂ ಸಂಜೆ ನುಚ್ಚು ಸಿಗುತ್ತದೆ, ಮರುದಿನ ಅದೇ ಜಾಗದಲ್ಲಿ ಕೆದಕಲು ಶಕ್ತಿ ಬರುತ್ತದೆ. ಹೊಟ್ಟೆ ತುಂಬಿಸಿ ಬಿಟ್ಟರೆ ಕೆದಕುವುದಿಲ್ಲ ಎಂದು ಹೇಳುವವರಿದ್ದಾರೆ. ಸ್ವಲ್ಪ ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು.

ಪರಿಹಾರಕ್ಕೆ ಹೋಗುವ ಮುನ್ನ ಎಲ್ಲ ತಪ್ಪನ್ನೂ ಕೋಳಿಯ ತಲೆಗೆ ಕಟ್ಟಬೇಡಿ. ಮೂರು ಸಂಗತಿಗಳನ್ನು ಪ್ರಾಮಾಣಿಕವಾಗಿ ನೋಡಿಕೊಳ್ಳಿ. ಹಿತ್ತಲ ತರಗೆಲೆಯನ್ನು ಗುಡಿಸಿ ಬೆಂಕಿ ಹಾಕುವ ಅಥವಾ ಕಳೆನಾಶಕ ಹೊಡೆಯುವ ಅಭ್ಯಾಸ ಈ ಎರಡು ವರ್ಷದಲ್ಲಿ ಶುರುವಾಗಿದೆಯೇ? ಮನೆಯಲ್ಲಿ ಬೆಕ್ಕಿದೆಯೇ? ಹಲ್ಲಿ, ಹಾವುರಾಣಿ, ಹಕ್ಕಿಮರಿಗಳ ವಿಷಯದಲ್ಲಿ ಒಂದು ಬೆಕ್ಕು ಹತ್ತು ಕೋಳಿಗೆ ಸಮ ಎಂದರೆ ನಾನು ಒಪ್ಪುತ್ತೇನೆ, ಮತ್ತು ಅದು ರಾತ್ರಿಯೂ ಕೆಲಸ ಮಾಡುತ್ತದೆ. ಮೂರನೆಯದು ಬೋರ್ಡೋ, ಅಂದರೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ದ್ರಾವಣ. ಕೊಳೆರೋಗಕ್ಕೆ ನೀವು ಮಳೆಗೆ ಮುಂಚೆ ಒಮ್ಮೆ, ಸುಮಾರು 40–45 ದಿನದ ಮೇಲೆ ಇನ್ನೊಮ್ಮೆ ಶೇ 1ರ ಬೋರ್ಡೋ ದ್ರಾವಣ ಹೊಡೆಯುತ್ತೀರಿ, ಹೊಡೆಯಲೇಬೇಕು. ಆದರೆ ಮೈಲುತುತ್ತದ ತಾಮ್ರ ಗೊದಮೊಟ್ಟೆಗಳಿಗೆ ವಿಷ, ಮಣ್ಣಿನಲ್ಲಿ ವರ್ಷದಿಂದ ವರ್ಷಕ್ಕೆ ಸೇರಿಕೊಂಡು ಎರೆಹುಳುವಿಗೂ ತೊಂದರೆ. ಡ್ರಮ್ಮು, ಪಂಪು ತೊಳೆದ ನೀರನ್ನು ಹಳ್ಳಕ್ಕೆ, ಬಸಿಗಾಲುವೆಗೆ ಬಿಡುತ್ತಿದ್ದರೆ ಅದನ್ನು ಇಂದೇ ನಿಲ್ಲಿಸಿ. ಇವುಗಳಲ್ಲಿ ಯಾವುದೂ ಇಲ್ಲವಾದರೆ, ಇದ್ದರೂ ಹಳೆಯದೇ ಆಗಿದ್ದರೆ, ಆಗ ಕೋಳಿಯ ಲೆಕ್ಕಕ್ಕೆ ಬರೋಣ.

ಸಂಖ್ಯೆಯಿಂದ ಶುರು ಮಾಡಬೇಕು. ಐರೋಪ್ಯ ಒಕ್ಕೂಟದಲ್ಲಿ ‘ಬಯಲಲ್ಲಿ ಬಿಟ್ಟು ಸಾಕಿದ ಕೋಳಿಯ ಮೊಟ್ಟೆ’ ಎಂದು ಮಾರಬೇಕಾದರೆ ಪ್ರತಿ ಕೋಳಿಗೆ ಕನಿಷ್ಠ 4 ಚದರ ಮೀಟರ್ ಹೊರಾಂಗಣ ಇರಬೇಕೆಂಬ ನಿಯಮವಿದೆ. ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರ್. ಆ ಲೆಕ್ಕದಲ್ಲಿ ನಿಮ್ಮ ಹತ್ತು ಗುಂಟೆಗೆ 250 ಕೋಳಿ ಹಿಡಿಸುತ್ತವೆ. ಇಂಥ ಅಂಕಿಗಳನ್ನು ತೋರಿಸಿ ‘ಇಪ್ಪತ್ತೆರಡು ಯಾವ ಲೆಕ್ಕ’ ಎನ್ನುವವರು ನಿಮಗೆ ಸಿಗುತ್ತಾರೆ. ಆ ನಿಯಮ ಕೋಳಿಯ ನೆಮ್ಮದಿಗೆ ಮಾಡಿದ್ದು, ಕಪ್ಪೆಯ ನೆಮ್ಮದಿಗಲ್ಲ. ಅಲ್ಲದೆ ಕೋಳಿ ಹತ್ತು ಗುಂಟೆಯನ್ನೂ ಸಮವಾಗಿ ಮೇಯುವುದಿಲ್ಲ. ಗೂಡಿನ ಸುತ್ತ, ಮರದಡಿ, ಪೊದೆಯಡಿ ಠಿಕಾಣಿ ಹೂಡುತ್ತದೆ. ಗಿಡುಗನ ಭಯಕ್ಕೆ ಬಯಲಿಗಿಂತ ನೆರಳನ್ನೇ ಬಯಸುತ್ತದೆ. ಅಂದರೆ ನಿಮ್ಮ ಹಿತ್ತಲಲ್ಲಿ ಜೀವಿಗಳಿಗೆ ಯಾವ ಜಾಗ ಅತ್ಯುತ್ತಮವೋ ಅದೇ ಜಾಗ ಕೋಳಿಗೂ ಪ್ರಿಯ. ನನ್ನನ್ನು ಕೇಳಿದರೆ ನಿಮ್ಮಂಥ ಜಾಗಕ್ಕೆ ಎಂಟು ಹತ್ತು ಕೋಳಿ ಸಾಕು. ಉಳಿದ ಹುಂಜಗಳಿಗೆ ಮಲೆನಾಡಿನಲ್ಲಿ ಗಿರಾಕಿ ಹುಡುಕುವ ಕಷ್ಟವಂತೂ ಇಲ್ಲ. ಕಾವು ಕೂರಿಸುವುದನ್ನು ನಿಮ್ಮ ಹಿಡಿತದಲ್ಲಿಟ್ಟುಕೊಳ್ಳಿ, ಸಂಖ್ಯೆ ತಾನಾಗಿಯೇ ನಿಲ್ಲುತ್ತದೆ.

ಎರಡನೆಯದು ಜಾಗ. ಕೋಳಿಯನ್ನು ದಿನವಿಡೀ ಕೂಡಿಹಾಕಬೇಕಿಲ್ಲ. ಹಿತ್ತಲನ್ನು ಎರಡು ಪಾಲು ಮಾಡಿ. ಮನೆ, ಕೊಟ್ಟಿಗೆ, ಗೊಬ್ಬರಗುಂಡಿಯ ಕಡೆಯ ಪಾಲು ಕೋಳಿಗೆ. ಹಳ್ಳದ ಕಡೆಯ, ಮರಗಳಿರುವ, ತೇವ ನಿಲ್ಲುವ ಪಾಲಿಗೆ ಕೋಳಿಯ ಪ್ರವೇಶವೇ ಬೇಡ. ಅರ್ಧಕ್ಕಿಂತ ಹೆಚ್ಚು ಜಾಗ ಎರಡನೆಯ ಪಾಲಿಗೆ ಬರಲಿ. ಅದು ಹಳ್ಳಕ್ಕೂ ತೋಟದಂಚಿನ ಕುರುಚಲಿಗೂ ಒಂದೇ ಪಟ್ಟಿಯಾಗಿ ಕೂಡಿಕೊಂಡಿರಲಿ. ಕಡಿದು ಕಡಿದು ಬಿಟ್ಟ ತುಂಡುಗಳಿಂದ ಅಷ್ಟು ಉಪಯೋಗವಿಲ್ಲ. ಅಲ್ಲಿ ಗುಡಿಸಬೇಡಿ. ಸೊಪ್ಪಿನ ಬೆಟ್ಟದಿಂದ (ತೋಟಕ್ಕೆ ಸೊಪ್ಪು ತರುವ ಕಾಡು) ತಂದ ದರಕಿನಲ್ಲಿ, ಅಂದರೆ ಒಣ ತರಗೆಲೆಯಲ್ಲಿ, ನಾಲ್ಕು ಹೊರೆ ಆ ನೆಲಕ್ಕೆ ಸುರಿಯಿರಿ. ಎರಡು ಮಳೆಗಾಲದಲ್ಲಿ ಕೋಳಿ ಬರಿದು ಮಾಡಿದ್ದನ್ನು ಮರಗಳು ತಾವಾಗಿ ತುಂಬಿಕೊಡಲು ಕಾಯುವುದು ಬೇಡ.

ಬೇಲಿಗೆ ದುಡ್ಡು ಸುರಿಯಬೇಕಿಲ್ಲ. ಬಿದ್ದ ಅಡಿಕೆ ಮರ ಸೀಳಿದ ದಬ್ಬೆ ನಿಮ್ಮಲ್ಲೇ ಇರುತ್ತದೆ. ಐದು ಅಡಿ ಎತ್ತರಕ್ಕೆ ದಬ್ಬೆಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಕಟ್ಟಿ. ಬುಡದಲ್ಲಿ ಎರಡು ಅಂಗುಲ ಸಂದಿ ಬಿಡಿ. ಕಪ್ಪೆ, ಹಾವುರಾಣಿ, ಓತಿಕ್ಯಾತ ಆಚೀಚೆ ಓಡಾಡಲು ಅಷ್ಟು ಸಾಕು, ಬೆಳೆದ ಕೋಳಿ ನುಸುಳಲಾರದು. ಪಿಳ್ಳೆಗಳು ನುಸುಳುತ್ತವೆ, ಅದಕ್ಕೇ ಪಿಳ್ಳೆಗಳಿರುವ ತಾಯಿಯನ್ನು ಬಿಡಲೇಬಾರದು. ಮರಿಗಳಿಗೆ ತೋರಿಸಿಕೊಡಲು ಅದು ಉಳಿದ ಕೋಳಿಗಳಿಗಿಂತ ದುಪ್ಪಟ್ಟು ಕೆದಕುತ್ತದೆ, ಪಿಳ್ಳೆಗಳ ಕೊಕ್ಕಿಗೆ ಕಪ್ಪೆಮರಿ ಸರಿಯಾಗಿ ಹೊಂದುವ ತುತ್ತು. ನಾಟಿ ಕೋಳಿ ಗಿರಿರಾಜದಂಥ ಭಾರದ ತಳಿಯಲ್ಲ, ಹಗುರ. ಐದು ಅಡಿಯನ್ನೂ ಹಾರಬಲ್ಲದು. ಹಾರುವ ಚಟದ ಒಂದೆರಡನ್ನು ಗುರುತಿಸಿ ಒಂದೇ ರೆಕ್ಕೆಯ ತುದಿಯ ಉದ್ದ ಗರಿಗಳನ್ನು ಅರ್ಧಕ್ಕೆ ಕತ್ತರಿಸಿ. ಎರಡೂ ರೆಕ್ಕೆ ಕತ್ತರಿಸಿದರೆ ಸಮತೋಲನ ಉಳಿದು ಹಾರಿಬಿಡುತ್ತದೆ. ಬುಡದಲ್ಲಿ ರಕ್ತ ಕಾಣುವ ಹೊಸ ಗರಿಯನ್ನು ಮುಟ್ಟಬೇಡಿ. ಗರಿ ಉದುರಿ ಹೊಸದು ಬಂದಮೇಲೆ ಮತ್ತೆ ಕತ್ತರಿಸಬೇಕಾಗುತ್ತದೆ.

ಒಂದು ವಸ್ತುವನ್ನು ಮಾತ್ರ ಯಾವ ಕಾರಣಕ್ಕೂ ಬಳಸಬೇಡಿ: ನೈಲಾನ್ ಬಲೆ. ಹಳೆಯ ಮೀನುಬಲೆ, ತರಕಾರಿ ಬಳ್ಳಿಗೆ ಕಟ್ಟುವ ಬಲೆ ಅಗ್ಗಕ್ಕೆ ಸಿಗುತ್ತದೆಂದು ಕೋಳಿಬೇಲಿಗೆ ಸುತ್ತುವುದು ಈಗ ಎಲ್ಲೆಡೆ ಕಾಣುತ್ತಿದೆ. ಹಾವು ಬಲೆಯ ಕಣ್ಣಿನೊಳಗೆ ತಲೆ ತೂರಿಸುತ್ತದೆ, ಮೈಯ ದಪ್ಪ ಭಾಗ ಸಿಕ್ಕಿಕೊಳ್ಳುತ್ತದೆ, ಹಿಂದೆ ಬರಲು ಹುರುಪೆಗಳು ಬಿಡುವುದಿಲ್ಲ. ಎಳೆದಷ್ಟೂ ದಾರ ಕೊಯ್ಯುತ್ತದೆ. ಕೇರೆಹಾವು, ನಾಗರ, ಉಡ ಎಲ್ಲವೂ ಹೀಗೆ ಸಾಯುತ್ತವೆ. ಕಪ್ಪೆ ಉಳಿಸಲು ಹೊರಟು ಹಾವು ಕೊಂದ ಹಾಗಾಗುತ್ತದೆ. ಜಾಲರಿಯೇ ಬೇಕೆಂದರೆ ಗಟ್ಟಿಯಾದ, ಬೆಸುಗೆ ಹಾಕಿದ ಕಬ್ಬಿಣದ ಜಾಲರಿ ತನ್ನಿ. ಗೂಡಿಗೆ ಅರ್ಧ ಅಂಗುಲದ ಕಣ್ಣಿನದು ಹಾಕಿದರೆ ಹಾವು ಒಳಗೂ ಬರುವುದಿಲ್ಲ, ಸಿಕ್ಕಿಯೂ ಬೀಳುವುದಿಲ್ಲ. ಮಾಮೂಲಿ ಷಟ್ಕೋನದ ಕೋಳಿಜಾಲರಿ ಹಾವನ್ನು ತಡೆಯುವುದಿಲ್ಲ.

ಮೂರನೆಯದು ವೇಳೆ. ನೀವು ಬೆಳಕು ಹರಿಯುತ್ತಲೇ ಬಿಡುತ್ತೀರಿ. ಅದು ಅತ್ಯಂತ ಕೆಟ್ಟ ಹೊತ್ತು. ರಾತ್ರಿ ಹೊರಬಂದ ಕಪ್ಪೆಗಳು ಇನ್ನೂ ಮರೆ ಸೇರಿರುವುದಿಲ್ಲ, ಎರೆಹುಳು ಮೇಲೆಯೇ ಇರುತ್ತವೆ, ಎಲೆ ಒದ್ದೆಯಾಗಿರುತ್ತದೆ, ಕೋಳಿ ಇಡೀ ರಾತ್ರಿಯ ಹಸಿವಿನಲ್ಲಿರುತ್ತದೆ. ಇಳಿಹೊತ್ತಿನವರೆಗೆ ಗೂಡಿನಲ್ಲೋ ಅದಕ್ಕೆ ಹೊಂದಿದ ಅಂಗಳದಲ್ಲೋ ಇಟ್ಟು ಕಾಳು ಹಾಕಿ, ಸೂರ್ಯ ಮುಳುಗಲು ಎರಡು ಗಂಟೆ ಇರುವಾಗ ಬಿಡಿ. ಕತ್ತಲಾದರೆ ಕೋಳಿಗೆ ಕಣ್ಣು ಕಾಣದು, ಕರೆಯದೆ ಬರುತ್ತದೆ. ಮನೆಯವರು ಒಪ್ಪದಿದ್ದರೆ ಇನ್ನೊಂದು ಲಾಭ ಹೇಳಿ. ಹೇಂಟೆ ಸಾಮಾನ್ಯವಾಗಿ ಮೊಟ್ಟೆಯಿಡುವುದು ಮಧ್ಯಾಹ್ನದೊಳಗೆ. ಆ ಹೊತ್ತು ಗೂಡಿನಲ್ಲಿದ್ದರೆ ಮೊಟ್ಟೆ ನಿಮಗೆ ಸಿಗುತ್ತದೆ. ಪೊದೆಯಲ್ಲಿಟ್ಟು ಮುಂಗುಸಿಗೆ, ಉಡಕ್ಕೆ ಹಂಚುವುದು ನಿಲ್ಲುತ್ತದೆ.

ವರ್ಷದ ಲೆಕ್ಕದಲ್ಲಿ, ಮೊದಲ ಮಳೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಬಿಗಿ ಇರಲಿ. ಕಪ್ಪೆ, ಓತಿಕ್ಯಾತ, ಹಾವುರಾಣಿಗಳ ಸಂತಾನದ ಕಾಲ ಅದು. ಕೆರೆ ಹೊಂಡಗಳಿಂದ ಮರಿಗಪ್ಪೆಗಳು ಒಟ್ಟಿಗೇ ದಡ ಹತ್ತುವ ವಾರಗಳಲ್ಲಿ ನೀರಂಚಿನಲ್ಲಿ ಒಂದೆರಡು ಕೋಳಿ ನಿಂತರೂ ಆ ವರ್ಷದ ಬೆಳೆ ಹೋದಂತೆ. ಕೊಯ್ಲಾದಮೇಲೆ ಗದ್ದೆಗೆ ಬಿಡಿ. ಉದುರಿದ ಭತ್ತ, ಬಿಸಿಲು, ಒಣ ನೆಲ, ಕೋಳಿಗೆ ಅದಕ್ಕಿಂತ ಒಳ್ಳೆಯ ಮೇವಿಲ್ಲ, ಉಭಯಚರಿಗಳಿಗೆ ಅಷ್ಟಾಗಿ ಅಪಾಯವೂ ಇಲ್ಲ. ಆದರೆ ಗದ್ದೆಯಲ್ಲಿ ಟಿಟ್ಟಿಭ ಕೂಗಾಡುತ್ತಾ ತಲೆಯ ಮೇಲೆ ಸುತ್ತಿದರೆ ಬರಿ ನೆಲದಲ್ಲೇ ಅದರ ಮೊಟ್ಟೆ ಇದೆ ಎಂದು ತಿಳಿದು ಕೋಳಿಯನ್ನು ಆ ಕಡೆ ಹೋಗದಂತೆ ನೋಡಿಕೊಳ್ಳಿ.

ಕೆದಕುವ ಚಪಲಕ್ಕೆ ಬೇರೆ ಜಾಗ ಕೊಡದೆ ಬೇಲಿ ಹಾಕಿದರೆ ಕೋಳಿ ಬೇಲಿಯ ಬುಡವನ್ನೇ ಕೆದಕಿ ನುಸುಳುತ್ತದೆ. ಗೊಬ್ಬರಗುಂಡಿಯನ್ನು ಅವುಗಳಿಗೆ ಬಿಟ್ಟುಕೊಡಿ. ಇದು ದಾನವಲ್ಲ, ಲಾಭ. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯ ಗೊಣ್ಣೆಹುಳು ಬೆಳೆಯುವುದು ಗೊಬ್ಬರದಲ್ಲೇ, ಹೆಬ್ಬೆರಳ ಗಾತ್ರದ ಬಿಳಿ ಹುಳು, ಕೋಳಿಗೆ ಪರಮಾನ್ನ. ಗೊಬ್ಬರ ತಿರುವುವ ದಿನ ಕೋಳಿ ಜೊತೆಗಿರಲಿ. ಅಡಿಕೆಯ ಬೇರುಹುಳುವಿಗೂ ಕೋಳಿ ಬಿಡಿ ಎಂದು ಸಲಹೆ ಕೊಡುವವರಿದ್ದಾರೆ. ಅಗೆತದ ಹಿಂದೆಯೇ ಬಿಟ್ಟರೆ ಮೇಲೆ ಬಂದ ಹುಳು ತಿನ್ನುತ್ತದೆ, ನಿಜ. ಆದರೆ ಹುಳು ಬೇರಿನ ಆಳದಲ್ಲಿರುವಾಗ ಕೋಳಿಯ ಕಾಲು ಅಲ್ಲಿಗೆ ಮುಟ್ಟುವುದಿಲ್ಲ. ಅದರ ದುಂಬಿ ಮುಂಗಾರಿನ ಮಳೆಗೆ ಹೊರಬರುವುದು ಮುಸ್ಸಂಜೆಯಲ್ಲಿ, ಕೋಳಿ ಗೂಡು ಹತ್ತಿ ಕಣ್ಣು ಮುಚ್ಚುವ ಹೊತ್ತಿಗೆ ಸರಿಯಾಗಿ. ಅದಕ್ಕಾಗಿ ವರ್ಷವಿಡೀ ಕೋಳಿಯನ್ನು ತೋಟದಲ್ಲಿ ಬಿಟ್ಟರೆ ಸಿಗುವುದು ಎಲೆ ಹಾರಿಹೋಗಿ ಬಿಸಿಲಿಗೆ ಬಿದ್ದ ಅಡಿಕೆ ಬೇರು ಮಾತ್ರ. ಮಣ್ಣಿನಲ್ಲಿ ಹೊರಳಾಡಲು ಬೂದಿ, ಮರಳು, ಒಣಮಣ್ಣು ಬೆರೆಸಿದ ಒಂದು ಗುಳಿಯನ್ನು ಮಾಡಿನಡಿ ಮಾಡಿಕೊಡಿ, ಬೇಲಿಸಾಲಿನ ಬುಡ ತೋಡುವುದು ಕಡಿಮೆಯಾಗುತ್ತದೆ. ಹಸಿರಿಗೆ ನೀರಿನಲ್ಲಿ ತೇಲಿ ಬೆಳೆಯುವ ಅಜೋಲ್ಲಾ ಸಸ್ಯ, ಪ್ರೋಟೀನಿಗೆ ಗೆದ್ದಲು ಸಿಕ್ಕಾಗ ಗೆದ್ದಲು. ಕೋಳಿಯ ಪಾಲಿನ ಜಾಗದಲ್ಲಿ ನೆರಳಿಲ್ಲದಿದ್ದರೆ ಸೋಗೆಯ ಚಪ್ಪರವೊಂದನ್ನು ಹಾಕಿ, ಅವು ಅಲ್ಲೇ ಇರಲು ಇಷ್ಟಪಡುತ್ತವೆ.

ಕೋಳಿಯ ಪಾಲಿನಲ್ಲೂ ಜೀವಿಗಳಿಗೆ ಅಡಗುತಾಣ ಬೇಕು. ಜಂಬಿಟ್ಟಿಗೆ ಕಲ್ಲಿನ ತುಂಡುಗಳನ್ನು ಎರಡು ಮೂರು ಬೆರಳು ನುಸುಳುವಷ್ಟು ಸಂದಿ ಬಿಟ್ಟು ಗುಡ್ಡೆ ಹಾಕಿ. ಗಿಡದ ಬುಡದ ಮುಚ್ಚಿಗೆಯ ಮೇಲೆ ಬಿದಿರಿನ ತಟ್ಟಿಯನ್ನು ಅಡ್ಡಡ್ಡ ಮಲಗಿಸಿ ನಾಲ್ಕು ಕಲ್ಲು ಹೇರಿ. ಕೋಳಿಯ ಕಾಲಿಗೆ ಎಲೆ ಸಿಗುವುದಿಲ್ಲ, ಅಡಿಯಲ್ಲಿ ತೇವ ಉಳಿಯುತ್ತದೆ. ನಿಂಬೆಯ ಮುಳ್ಳುಕೊಂಬೆ, ಅನಾನಸಿನ ಸಾಲು ಕೂಡ ಚೆನ್ನಾಗಿ ಕೆಲಸ ಮಾಡುತ್ತವೆ.

ಫಲ ಸಿಗುತ್ತಿದೆಯೇ ಎಂದು ತಿಳಿಯಲು ಹಳೆಯ ಅಡಿಕೆ ಹಾಳೆಗಳು ಸಾಕು. ಬೇಲಿಯ ಈಚೆ ನಾಲ್ಕು, ಆಚೆ ನಾಲ್ಕು ಹಾಳೆಗಳನ್ನು ನೆಲಕ್ಕೆ ಮಗುಚಿ ಹಾಕಿ, ಮೇಲೊಂದು ಕಲ್ಲಿಡಿ. ವಾರಕ್ಕೊಮ್ಮೆ ಎತ್ತಿ ನೋಡಿ ಏನಿತ್ತೆಂದು ಕ್ಯಾಲೆಂಡರಿನಲ್ಲಿ ಬರೆದಿಡಿ. ಕೈಯಿಂದ ಎತ್ತಬೇಡಿ, ಉದ್ದ ಕೋಲಿನಿಂದ, ನಿಮ್ಮಿಂದ ಆಚೆಗೆ ತೆರೆಯುವಂತೆ ಎತ್ತಿ. ಹಾಳೆಯಡಿಯ ತಂಪು ಮಂಡಲದ ಹಾವುಗಳಿಗೂ ಇಷ್ಟ. ಮೊದಲು ಬರುವವು ಸಹಸ್ರಪದಿ, ಜಿರಲೆ, ಎರೆಹುಳು. ಬೇಸರಿಸಬೇಡಿ, ಉಳಿದವರ ಊಟ ಅವೇ.

ಕಾಡುಕೋಳಿ ತೋಟದಂಚಿಗೆ ಬರುವ ನಿಮ್ಮಂಥ ಊರಿನಲ್ಲಿ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ತಪ್ಪಿಸಬೇಡಿ. ನಿಮ್ಮ ಗೂಡಿನ ರೋಗ ಕಾಡಿನ ಹಕ್ಕಿಗೂ ದಾಟಬಲ್ಲದು. ಸತ್ತ ಕೋಳಿಯನ್ನು ಹಳ್ಳಕ್ಕೆ ಎಸೆಯದೆ ಆಳಕ್ಕೆ ಹೂಳಿ.

ಇನ್ನು ಮನೆಯವರ ವಾದ. ಕೋಳಿ ಚಿಕ್ಕ ಹಾವುಗಳನ್ನು ಕುಕ್ಕಿ ಕೊಲ್ಲುತ್ತದೆ, ಅವುಗಳಲ್ಲಿ ಹೆಚ್ಚಿನವು ವಿಷವಿಲ್ಲದ ಹುಳುಹಾವು, ಮಣ್ಣುಹಾವುಗಳು. ದೊಡ್ಡ ಹಾವನ್ನು ಕೋಳಿಗೂಡು ಓಡಿಸುವುದಿಲ್ಲ, ಕರೆಯುತ್ತದೆ. ಚೆಲ್ಲಿದ ಕಾಳಿಗೆ ಇಲಿ, ಇಲಿಗೆ ಕೇರೆ ಮತ್ತು ನಾಗರ, ಮೊಟ್ಟೆಗೆ ಉಡ. ಬಂದದ್ದನ್ನು ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಸಂಜೆಯೊಳಗೆ ಮೊಟ್ಟೆ ತೆಗೆದು, ಕಾಳು ಗುಡಿಸಿ, ಗೂಡನ್ನು ನೆಲದಿಂದ ಎರಡು ಅಡಿ ಎತ್ತರಕ್ಕೆ ಏರಿಸಿದರೆ ಹೊಡೆಯುವ ಸಂದರ್ಭವೇ ಬರುವುದು ಕಡಿಮೆ.

ಉಣುಗಿನ ಮಾತನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ನಿಮ್ಮ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲೇ. ಮನುಷ್ಯರಿಗೆ ಅದು ಹರಡುವುದು ಮುಖ್ಯವಾಗಿ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಮರಿ ಉಣುಗಿನಿಂದ. ಕೋಳಿ ರಕ್ತ ಕುಡಿದು ಉಬ್ಬಿದ ದೊಡ್ಡ ಉಣುಗನ್ನು ಹೆಕ್ಕೀತು, ಮರಿ ಉಣುಗನ್ನು ಹೆಕ್ಕಿ ನೆಲ ಶುದ್ಧ ಮಾಡುತ್ತದೆ ಎಂದು ನಂಬಿ ಕೂರುವಂತಿಲ್ಲ. ನೆಲದಲ್ಲಿ ಓಡಾಡುವ ಹಕ್ಕಿಗಳ ಮೈಮೇಲೂ ಆ ಮರಿಗಳು ರಕ್ತ ಹೀರಿ ಬೆಳೆಯುತ್ತವೆ. ಬೇಸಿಗೆಯಲ್ಲಿ ಸೊಪ್ಪು ದರಕಿಗೆ ಕಾಡಿಗೆ ಹೋಗುವಾಗ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿ, ಮೈ ಮುಚ್ಚುವ ಬಟ್ಟೆ ಹಾಕಿ, ಬಂದಕೂಡಲೇ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ತೊಳೆಯಿರಿ. ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ತಿಳಿಸಿ. ಮೇಲೆ ಹೇಳಿದ ದರಕನ್ನು ಹಿತ್ತಲಿಗೆ ಸುರಿಯುವುದನ್ನೂ ಮಳೆ ಹಿಡಿದಮೇಲೆಯೇ ಮಾಡಿ, ಒಣ ತಿಂಗಳುಗಳಲ್ಲಿ ಕಾಡಿನ ಎಲೆಯನ್ನು ಮನೆಯ ಹತ್ತಿರ ತರಬೇಡಿ.

ಬಾತುಕೋಳಿ ಬೇಡವೇ ಬೇಡ. ಅದು ಕೋಳಿಯಷ್ಟು ಕೆದಕುವುದಿಲ್ಲ ಎಂಬುದು ಅದರ ಒಂದೇ ಒಳ್ಳೆಯ ಗುಣ. ಹಳ್ಳ ಇರುವ ಜಾಗಕ್ಕೆ ತಂದರೆ ಕಪ್ಪೆಯ ಮೊಟ್ಟೆ, ಗೊದಮೊಟ್ಟೆ, ಮರಿಮೀನು, ಏಡಿಮರಿ ಎಲ್ಲವನ್ನೂ ಸೋಸಿ ತಿಂದು ನೀರು ಕದಡಿ ಹೊಲಸು ಮಾಡುತ್ತದೆ. ಕೋಳಿಗೆ ಐದು ಅಡಿ ದಬ್ಬೆ ಬೇಲಿ ಸಾಕು, ಹಳ್ಳಕ್ಕೆ ಬೇಲಿ ಹಾಕುವುದು ನಿಮ್ಮಿಂದ ಆಗುವ ಕೆಲಸವಲ್ಲ.